ಬೆನ್ನಿನ ಮೇಲಣ ಮೊದಲ ಚೀಲ

ಜೂನ್ ತಿಂಗಳು ಸಮೀಪಿಸಿತೆಂದರೆ ನಮ್ಮ ಪೇಟೆಬೀದಿಗಳಲ್ಲಿ ಅಂಗಡಿಗಳ ಮುಂದೆ ಸಣ್ಣ ಸಣ್ಣ ಚೀಲಗಳ ತೋರಣ ಕಟ್ಟುತ್ತದೆ. ಕೊಡೆ ಮತ್ತು ಮಳೆ ಅಂಗಿಗಳ ಪಕ್ಕದಲ್ಲಿ ಮೊಲದ ಕಿವಿಯ ಚೀಲ, ಆನೆಯ ಸೊಂಡಿಲಿನ ಚೀಲ, ಸಿನಿಮಾದ ಗೊಂಬೆಯ ಮುಖ ಅಚ್ಚೊತ್ತಿದ ಚೀಲ. ಇವು ದೊಡ್ಡ ಶಾಲೆಗೆ ಹೋಗುವ ಹುಡುಗರವಲ್ಲ; ಮೂರು ವರ್ಷ ತುಂಬಿದ, ಕೆಲವೊಮ್ಮೆ ಮೂರೂ ತುಂಬದ ಕೂಸುಗಳವು. ಮಾತು ಇನ್ನೂ ತೊದಲು, ನಡಿಗೆ ಇನ್ನೂ ತಪ್ಪುಹೆಜ್ಜೆ. ಅಷ್ಟರಲ್ಲಿ ಬೆನ್ನಿಗೆ ಚೀಲ ಬಂದಿರುತ್ತದೆ. ಯಾವ ಚೀಲ ಕೊಳ್ಳಬೇಕು, ಅದರಲ್ಲಿ ಏನಿಡಬೇಕು, ಅದನ್ನು ಯಾರು ಹೊರಬೇಕು ಎಂಬುದು ಆ ದಿನಗಳಲ್ಲಿ ಪ್ರತಿಯೊಂದು ಮನೆಯ ಪ್ರಶ್ನೆ. ಇದು ತೀರ ಮನೆವಾರ್ತೆಯ ಸಂಗತಿ, ಇತಿಹಾಸಕ್ಕೂ ಇದಕ್ಕೂ ಎತ್ತಣ ಸಂಬಂಧ ಎಂದು ಕೇಳುಗರು ಹುಬ್ಬೇರಿಸಬಹುದು. ಸಂಬಂಧವಿದೆ. ಮಗುವಿನ ಚೀಲಕ್ಕೂ ಒಂದು ಚರಿತ್ರೆಯಿದೆ; ಆ ಚರಿತ್ರೆಯನ್ನು ಅರಿತವರು ಅಂಗಡಿಯ ಮುಂದೆ ನಿಂತಾಗ ಸ್ವಲ್ಪ ಬೇರೆ ರೀತಿಯಲ್ಲಿ ಆರಿಸುತ್ತಾರೆ ಎಂಬುದು ನನ್ನ ನಂಬಿಕೆ.

ಮೊದಲು ಮಾತಿನಿಂದಲೇ ಆರಂಭಿಸೋಣ. ಕನ್ನಡದಲ್ಲಿ ಚೀಲಕ್ಕೆ ಹೆಸರುಗಳು ಬಹಳ. ಎತ್ತಿನ ಬೆನ್ನಿನ ಎರಡು ಮಗ್ಗುಲಿಗೆ ಇಳಿಬೀಳುವುದು ಹಸುಬೆ. ಜಂಗಮನ ಹೆಗಲಿಗೆ ಜೋಳಿಗೆ. ನಡುವಿಗೆ ಸುತ್ತಿಕೊಳ್ಳುವ ಹಣದ ಚೀಲ ಹಮ್ಮಿಣಿ. ಧಾನ್ಯಕ್ಕೆ ಗೋಣಿ. ಎಲೆ ಅಡಿಕೆಗೆ ಸಂಚಿ. ಈ ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕಾಯಕವಿದೆ, ಅದಕ್ಕಿಂತ ಹೆಚ್ಚಾಗಿ ಒಂದೊಂದು ಹೊಣೆಯಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಎಂದರೆ 1673ರಿಂದ 1704ರವರೆಗಿನ ಆಳ್ವಿಕೆಯಲ್ಲಿ, ಅರಮನೆಯ ಎಲೆ ಅಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಊಳಿಗದ ಹೆಣ್ಣುಮಗಳು ‘ಹದಿಬದೆಯ ಧರ್ಮ’ವನ್ನು ಬರೆದು ಕವಯಿತ್ರಿಯಾದಳು. ಸಾಹಿತ್ಯ ಚರಿತ್ರೆ ಆಕೆಯನ್ನು ನೆನೆಯುವುದು ಸಂಚಿ ಹೊನ್ನಮ್ಮ ಎಂದೇ. ಹಿಡಿದ ಚೀಲವೇ ಹೆಸರಾಗಿ ನಿಂತ ಉದಾಹರಣೆ ಇದು. ಚೀಲವನ್ನು ಒಬ್ಬರ ಕೈಗೆ ಒಪ್ಪಿಸುವುದೆಂದರೆ ನಂಬಿಕೆಯನ್ನು ಒಪ್ಪಿಸಿದಂತೆ ಎಂಬ ಭಾವ ಆ ಹೆಸರಿನಲ್ಲಿದೆ.

ಇಷ್ಟೊಂದು ಚೀಲಗಳಿದ್ದರೂ ಮಗುವಿನ ಓದಿನ ಚೀಲಕ್ಕೆ ಮಾತ್ರ ಹಳೆಯ ಕನ್ನಡದ ಒಂದು ಸ್ವಂತ ಹೆಸರು ನನಗೆ ಕಾಣದು. ಕಾರಣ ಸರಳ: ಅದು ಬೇಕಾಗಿರಲಿಲ್ಲ. ಅಕ್ಷರಾಭ್ಯಾಸದ ಮೊದಲ ಹಲಗೆ ನೆಲವೇ. ತಟ್ಟೆಯಲ್ಲಿ ಹರಡಿದ ಅಕ್ಕಿ, ಜಗಲಿಯ ಮೇಲೆ ಹರಡಿದ ಮರಳು. ಲೇಖನಿ ಮಗುವಿನ ತೋರುಬೆರಳು. ‘ಓನಾಮ’ ಎಂದು ನಾವು ಇಂದಿಗೂ ಹೇಳುವ ಮಾತು ಆ ಮರಳಿನ ಮೇಲೆ ಮೂಡಿದ ಮೊದಲ ಬರಹದ ನೆನಪು. ಅದರ ಮೂಲ ‘ಓಂ ನಮಃ ಸಿದ್ಧಂ’ ಎಂಬ ಜೈನ ವಂದನೆಯಲ್ಲಿದೆಯೆಂದೂ ‘ಓಂ ನಮಃ ಶಿವಾಯ’ದಲ್ಲಿದೆಯೆಂದೂ ವಿದ್ವಾಂಸರು ಹೇಳುತ್ತಾರೆ. ಎರಡಕ್ಕೂ ಬೇಕಾದ ಸಲಕರಣೆ ಒಂದೇ: ಒಂದು ಹಿಡಿ ಮರಳು. ಬರೆದದ್ದನ್ನು ಅಂಗೈಯಿಂದ ಸವರಿದರೆ ಹಲಗೆ ಮತ್ತೆ ಹೊಸದು. ಮಗು ಶಾಲೆಗೆ ಬರಿಗೈಯಲ್ಲಿ ಹೋಗುತ್ತಿತ್ತು, ಬರಿಗೈಯಲ್ಲಿ ಬರುತ್ತಿತ್ತು. ಹೊತ್ತು ತಂದದ್ದೆಲ್ಲ ತಲೆಯೊಳಗೆ.

ಈ ಮರಳು ಕಡಲು ದಾಟಿದ ಕಥೆಯೂ ಉಂಟು. 1789ರಲ್ಲಿ ಮದರಾಸಿನ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಣೆ ವಹಿಸಿಕೊಂಡ ಆಂಡ್ರೂ ಬೆಲ್ ಎಂಬ ಪಾದ್ರಿ, ಇಲ್ಲಿಯ ತಿಣ್ಣೆಯ ಶಾಲೆಯ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಬರೆಯುವುದನ್ನು ಕಂಡು ತನ್ನ ಶಾಲೆಗೆ ಅದನ್ನು ತಂದ. ಬಲ್ಲ ಹುಡುಗನೇ ಅರಿಯದ ಹುಡುಗನಿಗೆ ಕಲಿಸುವ ಕ್ರಮವನ್ನೂ ಅದರೊಂದಿಗೆ ಬೆಳೆಸಿದ. 1797ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಕುರಿತು ಗ್ರಂಥ ಪ್ರಕಟಿಸಿದ. ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಅದು ಅಲ್ಲಿಯ ಬಡವರ ಶಾಲೆಗಳಲ್ಲಿ ಹಬ್ಬಿತು. ಚೀಲವಿಲ್ಲದ ನಮ್ಮ ಶಾಲೆ ಅವರಿಗೆ ಅಗ್ಗದ ವಿದ್ಯೆಯ ಮಾದರಿಯಾಯಿತು.

ಮರಳಿನ ಅನಂತರದ ಮೆಟ್ಟಿಲು ಕಡತ. ಈ ಮಾತನ್ನು ನಾವು ಇಂದು ಸರಕಾರಿ ಕಚೇರಿಯ ಫೈಲಿಗೆ ಬಳಸುತ್ತೇವೆ. ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರಬಂದ ಮೊದಲ ಸಂಪುಟದಲ್ಲಿ ಕಡತವನ್ನು ಕಣ್ಣಾರೆ ಕಂಡವನಂತೆ ವರ್ಣಿಸಿದ್ದಾನೆ. 8ರಿಂದ 12 ಅಂಗುಲ ಅಗಲ, 12ರಿಂದ 18 ಅಡಿ ಉದ್ದದ ಬಟ್ಟೆ, ಅದಕ್ಕೆ ಗಂಜಿ ಮತ್ತು ಇದ್ದಿಲಿನ ಪುಡಿಯ ಲೇಪ, ಒಣಗಿದ ಮೇಲೆ ಒಂದರ ಮೇಲೊಂದು ಮಡಿಕೆ, ಬರೆಯುವುದಕ್ಕೆ ಬಳಪ. ಅಳಿಸಿ ಮತ್ತೆ ಬರೆಯಬಹುದು, ಮಸುಕಾದರೆ ಮತ್ತೆ ಕಪ್ಪು ಹಚ್ಚಬಹುದು. ವರ್ತಕನ ಲೆಕ್ಕಕ್ಕೂ ಮಠದ ದಾಖಲೆಗೂ ಒದಗಿದ ಈ ವಸ್ತು ಕಲಿಯುವವರ ಕೈಗೂ ಬಂದಿತು. ಕಂಕುಳಲ್ಲಿ ಇರುಕಿಕೊಂಡರೆ ಸಾಕು. ಅದಕ್ಕೆ ಚೀಲ ಬೇಡ.

ಇನ್ನು ಆ ಕಾಲದ ಶಾಲೆ ಹೇಗಿತ್ತು? ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಆಡಳಿತದ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ವರದಿ ಅವುಗಳಲ್ಲೆಲ್ಲ ವಿಸ್ತಾರವಾದದ್ದು. ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಕಲಿಯುವವರು ಒಟ್ಟು 6,641. ಸಾಮಾನ್ಯವಾಗಿ ಮಗುವಿಗೆ ಐದು ವರ್ಷವಾದಾಗ ಓದು ಆರಂಭವಾಗುತ್ತಿತ್ತೆಂದು ಆತ ಬರೆಯುತ್ತಾನೆ. ಬೆಳಿಗ್ಗೆ ಆರಕ್ಕೆ ಶಾಲೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗುರುಗಳು ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ಬಂದವರಿಗೆಲ್ಲ ಏರುತ್ತ ಹೋಗುವ ಲೆಕ್ಕ. ಹೊತ್ತಿಗೆ ಸರಿಯಾಗಿ ಬರುವ ಅಭ್ಯಾಸವನ್ನು ಕಲಿಸಿದ್ದು ಹೀಗೆ.

ಆ ಅಂಗೈಯ ಸರಸ್ವತಿಯನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ. ಪೆಟ್ಟುಗಳ ಲೆಕ್ಕವನ್ನು ಓದುವಾಗ ಆ ಸಂತೋಷ ಉಳಿಯುವುದಿಲ್ಲ. ಹಿಂದಿನದೆಲ್ಲ ಹೊನ್ನು ಎಂದು ಹೇಳುವುದಕ್ಕೆ ಈ ವರದಿ ನಮಗೆ ಎಡೆಗೊಡದು. ಆ 6,641 ಮಂದಿಯಲ್ಲಿ ಹೆಣ್ಣುಮಕ್ಕಳು ಕೇವಲ 60. ಇನ್ನೂ ಒಂದು ಮಾತಿದೆ. ಮಕ್ಕಳು ರಾಶಿ ರಾಶಿ ಪದ್ಯಗಳನ್ನು ಬಾಯಿಪಾಠ ಮಾಡುತ್ತಾರೆ, ಆದರೆ ಅರ್ಥದ ಮಟ್ಟಿಗೆ ಅವರ ಅರಿವು ಗಿಳಿಯ ಅರಿವಿಗಿಂತ ಹೆಚ್ಚಲ್ಲ ಎಂದು ಕ್ಯಾಂಬೆಲ್ ದೂರುತ್ತಾನೆ. ಬೆನ್ನು ಹಗುರವಾಗಿತ್ತು, ನಿಜ. ಆದರೆ ಹೊರೆ ಇರಲಿಲ್ಲವೆಂದು ಹೇಳಲಾಗದು. ಈ ಮಾತನ್ನು ಮನಸ್ಸಿನಲ್ಲಿಡಬೇಕು. ಮುಂದೆ ಮತ್ತೆ ಬೇಕಾಗುತ್ತದೆ.

ಚೀಲವನ್ನು ನಿಜವಾಗಿ ತಂದದ್ದು ಕಲ್ಲಿನ ಹಲಗೆ ಮತ್ತು ಅಚ್ಚಿನ ಪುಸ್ತಕ. ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಾರಿ ಶಾಲೆಗಳು ಹರಡಿದಂತೆ ಸ್ಲೇಟು ಬಂದಿತು. ಸ್ಲೇಟು ಮರಳಿನಂತೆ ಶಾಲೆಯಲ್ಲೇ ಉಳಿಯುವುದಲ್ಲ, ಕಡತದಂತೆ ಮಡಿಸಿಕೊಳ್ಳುವುದೂ ಅಲ್ಲ. ಬಿದ್ದರೆ ಒಡೆಯುವ ವಸ್ತು. ಅದನ್ನು ಕಾಪಾಡಿಕೊಂಡು ಮನೆಗೂ ಶಾಲೆಗೂ ಒಯ್ಯಬೇಕು. ಉತ್ತರ ಕರ್ನಾಟಕದವರು ಮರಾಠಿಯ ಬಳಕೆಯಿಂದ ಅದನ್ನು ಪಾಟಿ ಎಂದರು; ಅದನ್ನು ಹೊರುವ ಚೀಲ ‘ಪಾಟಿಚೀಲ’ವಾಯಿತು. ಕೊನೆಗೂ ಮಗುವಿನ ಚೀಲಕ್ಕೆ ಒಂದು ಹೆಸರು ದೊರೆಯಿತು! ಮರಾಠಿಯಲ್ಲಿ ಶಾಲೆಯ ಚೀಲಕ್ಕೆ ‘ದಪ್ತರ’ ಎನ್ನುತ್ತಾರೆ, ಹಿಂದಿಯಲ್ಲಿ ‘ಬಸ್ತಾ’. ದಫ್ತರವೆಂದರೆ ಕಚೇರಿಯ ದಾಖಲೆ, ಬಸ್ತಾ ಎಂದರೆ ಬಟ್ಟೆಯಲ್ಲಿ ಕಟ್ಟಿದ್ದು. ಎರಡೂ ಪಾರಸಿ ಮೂಲದ ಮಾತುಗಳು, ಎರಡೂ ದೊಡ್ಡವರ ಕಚೇರಿಯಿಂದ ಇಳಿದು ಮಗುವಿನ ಹೆಗಲಿಗೆ ಬಂದವು. ನಮ್ಮ ಕಡತ ಮಾತ್ರ ಕಲಿಯುವವರ ಕೈಯಿಂದ ಜಾರಿ ಕಚೇರಿಯಲ್ಲೇ ಉಳಿಯಿತು. ಮಾತುಗಳ ಪಯಣ ಹೀಗೆ ವಿಚಿತ್ರ.

1913ರಲ್ಲಿ ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ಮಾಡಿ ಕಡ್ಡಾಯ ಶಿಕ್ಷಣಕ್ಕೆ ದಾರಿ ತೆರೆದ ಮೇಲೆ ಚೀಲ ಹಿಡಿಯುವ ಮಕ್ಕಳ ಸಂಖ್ಯೆ ಬೆಳೆಯಿತು. ಆದರೆ ಆ ಚೀಲ ಅಂಗಡಿಯದಲ್ಲ. ನನ್ನ ವಯಸ್ಸಿನವರು ಬಾಲ್ಯದಲ್ಲಿ ಕಂಡದ್ದು ಮನೆಯ ಹಳೆಯ ಬಟ್ಟೆಯಲ್ಲಿ ತಾಯಿ ಕೈಯಿಂದಲೋ, ದರ್ಜಿ ಉಳಿದ ಖಾಕಿ ತುಂಡಿನಿಂದಲೋ ಹೊಲಿದುಕೊಟ್ಟದ್ದು. ಒಂದೇ ಪಟ್ಟಿ, ಒಂದೇ ಹೆಗಲು. ಅದರೊಳಗೆ ಒಂದು ಸ್ಲೇಟು, ಒಂದು ಪುಸ್ತಕ, ಬಳಪದ ಚೂರುಗಳು, ಒರಸುವುದಕ್ಕೆ ಒದ್ದೆ ಬಟ್ಟೆ. ಈ ಬಡ ಚೀಲ ಮಕ್ಕಳಿಗೆ ಕಲಿಸಿದ ಪಾಠಗಳು ಯಾವ ಪಠ್ಯದಲ್ಲಿಯೂ ಇರಲಿಲ್ಲ. ಓಡಿದರೆ ಸ್ಲೇಟು ಒಡೆಯುತ್ತದೆ, ಆದ್ದರಿಂದ ನಡೆಯಬೇಕು. ಚೀಲವನ್ನು ಎಸೆಯಬಾರದು, ಇಳಿಸಬೇಕು. ಸ್ಲೇಟಿನ ಕಪ್ಪು ಮಾಸಿದರೆ ತೊಂಡೆ ಸೊಪ್ಪನ್ನೂ ಇದ್ದಿಲನ್ನೂ ಅರೆದು ತಾನೇ ಉಜ್ಜಬೇಕು. ಭಾನುವಾರ ಚೀಲ ಒಗೆದು ಬಿಸಿಲಿಗೆ ಹಾಕಬೇಕು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ನವರಾತ್ರಿಯಲ್ಲಿ ಪುಸ್ತಕಗಳ ಜೊತೆ ಆ ಚೀಲವೂ ಸರಸ್ವತಿಯ ಮುಂದೆ ಕೂತು ಅಕ್ಷತೆ ಪಡೆಯುತ್ತಿತ್ತು. ವಸ್ತು ಕಡಿಮೆಯಾಗಿದ್ದುದರಿಂದಲೇ ಅದರ ಆರೈಕೆ ಹೆಚ್ಚು, ಆರೈಕೆಯೇ ಶಿಸ್ತು.

ಚೀಲವನ್ನೇ ಶಿಕ್ಷಣದ ಅಂಗವಾಗಿ ಎಣಿಸಿದ ದೇಶವೊಂದುಂಟು, ಜಪಾನು. ಅಲ್ಲಿಯ ಪ್ರಾಥಮಿಕ ಶಾಲೆಯ ಮಕ್ಕಳ ಬೆನ್ನಿನ ಮೇಲಿರುವ ಗಟ್ಟಿ ಚೀಲಕ್ಕೆ ‘ರಾಂಡೊಸೆರು’ ಎಂದು ಹೆಸರು. ಡಚ್ ಭಾಷೆಯಲ್ಲಿ ಸಿಪಾಯಿಯ ಬೆನ್ನುಚೀಲಕ್ಕಿರುವ ‘ರಾನ್ಸೆಲ್’ ಎಂಬ ಮಾತಿನ ಜಪಾನೀ ರೂಪ ಅದು. ಟೋಕಿಯೋದ ಗಾಕುಶೂಇನ್ ಎಂಬ ಶಾಲೆ ದೊಡ್ಡ ಮನೆತನದ ಮಕ್ಕಳದು. ಅವರು ಗಾಡಿಯಲ್ಲಿ ಬರುತ್ತಿದ್ದರು, ಆಳುಗಳು ಅವರ ಪುಸ್ತಕ ಹೊರುತ್ತಿದ್ದರು. 1885ರಲ್ಲಿ ಶಾಲೆ ಇದನ್ನು ನಿಲ್ಲಿಸಿ, ಪ್ರತಿಯೊಬ್ಬನೂ ತನ್ನ ಸಾಮಾನನ್ನು ತಾನೇ ಬೆನ್ನಿನ ಮೇಲೆ ಹೊತ್ತು ಬರಬೇಕೆಂದು ವಿಧಿಸಿತು. 1887ರಲ್ಲಿ ರಾಜಕುಮಾರ ಯೋಶಿಹಿತೊ ಆ ಶಾಲೆಗೆ ಸೇರಿದಾಗ ಪ್ರಧಾನಿ ಇತೋ ಹಿರೋಬುಮಿ ಪೆಟ್ಟಿಗೆಯ ಆಕಾರದ ಚರ್ಮದ ಚೀಲವನ್ನು ಉಡುಗೊರೆಯಾಗಿ ಕೊಟ್ಟ. ಮುಂದೆ ಚಕ್ರವರ್ತಿಯಾಗಬೇಕಾದ ಹುಡುಗನೂ ತನ್ನ ಚೀಲವನ್ನು ತಾನೇ ಹೊರಬೇಕು! ಬೆನ್ನಿನ ಚೀಲ ಶಾಲೆಗೆ ಬಂದದ್ದು ಪುಸ್ತಕ ಹೆಚ್ಚಿತೆಂದಲ್ಲ, ಆಳಿನ ಕೈಯಿಂದ ಮಗುವನ್ನು ಬಿಡಿಸುವುದಕ್ಕೆ. ಈ ಸಂಗತಿ ನನಗೆ ಬಹಳ ಮುಖ್ಯವಾಗಿ ತೋರುತ್ತದೆ.

ನಮ್ಮಲ್ಲಿ ಆದದ್ದು ಇದಕ್ಕೆ ವಿರುದ್ಧ. ಪುಸ್ತಕ, ನೋಟುಪುಸ್ತಕ, ಅಭ್ಯಾಸಪುಸ್ತಕ ಎಂದು ಒಳಗಿನ ವಸ್ತು ಬೆಳೆದು ಚೀಲ ಹೊರೆಯಾಯಿತು. 1986ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಆರ್. ಕೆ. ನಾರಾಯಣ್ 1989ರಲ್ಲಿ ತಮ್ಮ ಮೊದಲ ಭಾಷಣಕ್ಕೆ ಆರಿಸಿಕೊಂಡ ವಿಷಯ ಮಕ್ಕಳ ಶಾಲಾಚೀಲ. ಭಾರಕ್ಕೆ ಬಾಗಿ, ಕೈಗಳನ್ನು ಮುಂದಕ್ಕೆ ಜೋಲುಬಿಟ್ಟು ನಡೆಯುವ ಮಗುವಿನ ಚಿತ್ರವನ್ನು ಅವರು ಸಭೆಯ ಮುಂದಿಟ್ಟರು. ಮೈಸೂರಿನ ಬೀದಿಗಳಲ್ಲಿ ದಿನವೂ ನಡೆದಾಡಿದ ಕಥೆಗಾರರ ಕಣ್ಣು ಅದು. 1992ರಲ್ಲಿ ವಿಜ್ಞಾನಿ ಯಶಪಾಲರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚಿತವಾಯಿತು. 1993ರಲ್ಲಿ ‘ಹೊರೆಯಿಲ್ಲದ ಕಲಿಕೆ’ ಎಂಬ ವರದಿ ಬಂದಿತು. ಚೀಲದ ತೂಕಕ್ಕಿಂತ ದೊಡ್ಡ ಹೊರೆ ಯಾವುದು? ಅರ್ಥವಾಗದುದನ್ನು ಕಲಿಯಬೇಕಾದ ಹೊರೆ ಎಂದು ಆ ಸಮಿತಿ ಹೇಳಿತು. ಬಳ್ಳಾರಿಯ ಕಲೆಕ್ಟರು ಗಿಳಿಯ ಹೋಲಿಕೆ ಕೊಟ್ಟು ಸರಿಯಾಗಿ 170 ವರ್ಷಗಳಾಗಿದ್ದುವು. ಬರಿಗೈಯ ಶಾಲೆಯಲ್ಲಿದ್ದ ರೋಗವೇ ತುಂಬಿದ ಚೀಲದ ಶಾಲೆಯಲ್ಲಿಯೂ ಇತ್ತು.

ಆಮೇಲೆ ತೂಕದ ನಿಯಮಗಳು ಬಂದವು. 2019ರಲ್ಲಿ ಕರ್ನಾಟಕ ಸರಕಾರ ಒಂದನೆಯ ಮತ್ತು ಎರಡನೆಯ ತರಗತಿಯ ಮಗುವಿನ ಚೀಲ ಒಂದೂವರೆಯಿಂದ ಎರಡು ಕಿಲೋ ಮೀರಬಾರದೆಂದೂ ಒಂಬತ್ತು ಹತ್ತನೆಯ ತರಗತಿಯವರದು 4ರಿಂದ 5 ಕಿಲೋ ದಾಟಬಾರದೆಂದೂ ಆಜ್ಞೆ ಮಾಡಿತು. 2020ರ ರಾಷ್ಟ್ರೀಯ ಶಾಲಾಚೀಲ ನೀತಿ, ಚೀಲದ ತೂಕ ಮಗುವಿನ ದೇಹತೂಕದ ಹತ್ತರಲ್ಲಿ ಒಂದು ಪಾಲಿನೊಳಗಿರಬೇಕೆಂದು ಹೇಳಿತು. ಒಂದನೆಯ ತರಗತಿಗಿಂತ ಕೆಳಗಿನ ಮಕ್ಕಳಿಗೆ ಶಾಲಾಚೀಲವೇ ಬೇಡ ಎಂದೂ ಹೇಳಿತು.

ಇಲ್ಲಿ ನಮ್ಮ ಮೊದಲ ಪ್ರಶ್ನೆಗೆ ಹಿಂದಿರುಗಬೇಕು. ನೀತಿಯೇ ಬೇಡವೆಂದ ಮೇಲೆ ಮೂರು ವರ್ಷದ ಕೂಸಿಗೆ ಚೀಲವೇಕೆ? 1975ರ ಅಕ್ಟೋಬರ್ 2ರಂದು ಕರ್ನಾಟಕದ ಮೊದಲ ಅಂಗನವಾಡಿ ಯೋಜನೆ ತಿರುಮಕೂಡಲು ನರಸೀಪುರದಲ್ಲಿ ಆರಂಭವಾಯಿತು. ಅಂದಿನಿಂದ ಎಷ್ಟು ಲಕ್ಷ ಮಕ್ಕಳು ಚೀಲವಿಲ್ಲದೆಯೇ ಹಾಡಿ, ಆಡಿ, ಉಂಡು ಬೆಳೆದಿಲ್ಲ? ಈ ವಾದವನ್ನು ನಾನು ಒಪ್ಪುತ್ತೇನೆ. ಪುಸ್ತಕದ ಚೀಲ ಆ ವಯಸ್ಸಿಗೆ ಬೇಡವೇ ಬೇಡ. ಆದರೆ ಚೀಲವೆಂದರೆ ಪುಸ್ತಕವೇ ಏನು? 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸರಿ, ಗುಂಡಿ ಹಾಕುವುದು, ನೀರು ಸುರಿಯುವುದು, ಮೇಜು ಒರಸುವುದು ಇವನ್ನೇ ಮೊದಲ ಪಾಠಗಳನ್ನಾಗಿ ಮಾಡಿದರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ನಡೆಸಿದ ಗಿಜುಭಾಯಿ ಬಧೇಕಾ ಇದನ್ನೇ ನಮ್ಮ ಮಣ್ಣಿಗೆ ಒಗ್ಗಿಸಿದರು. ತನ್ನ ಕೆಲಸ ತಾನು ಮಾಡಿಕೊಳ್ಳುವ ಮಗುವಿನ ಮುಖದಲ್ಲಿ ಮೂಡುವ ಗಾಂಭೀರ್ಯವನ್ನು ಇಬ್ಬರೂ ಬಲ್ಲವರು. ಆ ದೃಷ್ಟಿಯಿಂದ ನೋಡಿದರೆ, ಒಂದು ತಿಂಡಿಡಬ್ಬಿ, ಒಂದು ಸಣ್ಣ ನೀರಿನ ಸೀಸೆ, ಒಂದು ಜೊತೆ ಬಟ್ಟೆ, ಒಂದು ಕೈವಸ್ತ್ರ ಹಿಡಿಯುವ ಚೀಲ ಮಗುವಿನ ಮೊದಲ ಸಂಸಾರ. ಅದು ಹೊರೆಯಲ್ಲ.

ಹಾಗಾದರೆ ಹೇಗೆ ಆರಿಸಬೇಕು? ಮೂರು ವರ್ಷದ ಮಗು ಸುಮಾರು 14 ಕಿಲೋ ತೂಗುತ್ತದೆ. ದೊಡ್ಡ ಮಕ್ಕಳಿಗೆ ಹೇಳಿದ ಹತ್ತರಲ್ಲೊಂದು ಪಾಲಿನ ಲೆಕ್ಕವನ್ನು ಇಲ್ಲಿಗೂ ಹಿಡಿದರೆ, ತುಂಬಿದ ಚೀಲ 1.4 ಕಿಲೋ ಮೀರಬಾರದು; ಕಡಿಮೆಯಾದಷ್ಟೂ ಒಳ್ಳೆಯದು. ನೀರು 300 ಗ್ರಾಮು, ತುಂಬಿದ ಡಬ್ಬಿ 300, ಬಟ್ಟೆ 200 ಎಂದಿಟ್ಟುಕೊಂಡರೆ ಬರಿಯ ಚೀಲ 300 ಗ್ರಾಮಿನೊಳಗೆ ಇರುವುದು ಲೇಸು. ಮೂರು ವರ್ಷ ಬಾಳಲಿ ಎಂದು ದೊಡ್ಡದನ್ನು ಕೊಳ್ಳಬಾರದು. ಅಂಗಿಯನ್ನು ದೊಡ್ಡದಾಗಿ ಹೊಲಿಸಿದರೆ ಮಡಿಸಿಕೊಳ್ಳಬಹುದು, ಚೀಲವನ್ನು ಮಡಿಸಲಾಗದು. ಅದರ ಅಗಲ ಮಗುವಿನ ಬೆನ್ನಿನ ಅಗಲವನ್ನು ದಾಟಬಾರದು, ಬುಡ ಸೊಂಟದ ಕೆಳಗೆ ಜೋಲಬಾರದು. ಪಟ್ಟಿಗಳು ಎರಡಿರಬೇಕು, ಅಗಲವಾಗಿ ಮೆತ್ತಗಿರಬೇಕು. ಒಂದೇ ಹೆಗಲಿನ ಚೀಲ ಮೈಯನ್ನು ಒಂದು ಕಡೆಗೆ ಎಳೆಯುತ್ತದೆ. ಒಗೆದರೆ ಒಣಗುವ ಬಟ್ಟೆ ಬೇಕು. ಮುಖ್ಯವಾಗಿ ಜಿಪ್ಪು: ಅಂಗಡಿಯಲ್ಲಿ ನಾವು ಎಳೆದು ನೋಡಿದರೆ ಸಾಲದು, ಮಗುವಿನ ಬೆರಳು ಎಳೆಯಬಲ್ಲುದೇ ಎಂದು ನೋಡಬೇಕು. ಮಗು ತೆರೆಯಲಾರದ ಚೀಲ ಮಗುವಿನದಲ್ಲ, ತಾಯಿಯದು. ಬಣ್ಣವನ್ನು ಮಾತ್ರ ಮಗುವಿಗೇ ಬಿಡಿ. ಅದು ಅದರ ಜೀವನದ ಮೊದಲ ಆಯ್ಕೆಗಳಲ್ಲಿ ಒಂದು. ಹೆಸರನ್ನು ಹೊರಗೆ ಬರೆಯದೆ ಒಳಮಗ್ಗುಲಲ್ಲಿ ಬರೆಯುವುದು ಕ್ಷೇಮ. ಅಪರಿಚಿತರು ಹೆಸರು ಹಿಡಿದು ಕರೆಯುವಂತಾಗಬಾರದು.

ಕೊಂಡದ್ದು ಅರ್ಧ ಕೆಲಸ. ಮನೆಯಲ್ಲಿ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಒಂದು ಗೂಟ ಹೊಡೆಯಿರಿ. ಚೀಲಕ್ಕೆ ಅದೇ ಸ್ಥಳ. ಬಂದ ಕೂಡಲೇ ಡಬ್ಬಿಯನ್ನು ತಾನೇ ತೆಗೆದು ಬಚ್ಚಲಿಗೆ ಒಯ್ಯಲಿ. ರಾತ್ರಿ ಮಲಗುವ ಮುಂಚೆ ಒಂದೊಂದೇ ವಸ್ತುವಿನ ಹೆಸರು ಹೇಳುತ್ತ ಚೀಲ ತುಂಬಲಿ. ಅದು ಭಾಷೆಯ ಪಾಠವೂ ಆಯಿತು, ಎಣಿಕೆಯ ಪಾಠವೂ ಆಯಿತು. ತನ್ನದಲ್ಲದ ಬಣ್ಣದ ಕಡ್ಡಿ ಚೀಲದಲ್ಲಿ ಸಿಕ್ಕರೆ ಗದರಿಸಬೇಕಾಗಿಲ್ಲ. ನಾಳೆ ಕೊಟ್ಟು ಬರೋಣ ಎಂದರೆ ಸಾಕು, ಕೊಟ್ಟು ಬಂದ ದಿನ ಅದರ ಬೆನ್ನು ತಟ್ಟಿದರೆ ಸಾಕು. ಭಾನುವಾರ ಒಗೆಯುವಾಗ ಒಂದು ಮಗ್ಗುಲನ್ನಾದರೂ ಅದೇ ಉಜ್ಜಲಿ. ಬಳ್ಳಾರಿಯ ಜಗಲಿಶಾಲೆಯಿಂದ ನಾವು ಉಳಿಸಿಕೊಳ್ಳಬೇಕಾದದ್ದು ಅಂಗೈಯ ಸರಸ್ವತಿಯನ್ನು, ಬೆತ್ತದ ಲೆಕ್ಕವನ್ನಲ್ಲ.

ಇದಕ್ಕೆಲ್ಲ ಹೊತ್ತೆಲ್ಲಿ ಎಂದು ಕೇಳುವ ತಂದೆತಾಯಿಗಳ ಕಷ್ಟ ನನಗೆ ತಿಳಿಯದ್ದಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ ಬೆಳಗಿನ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಮಗು ಜಿಪ್ಪು ಎಳೆಯುವವರೆಗೆ ವ್ಯಾನು ಕಾಯುವುದಿಲ್ಲ. ಆದ್ದರಿಂದ ಇಂದು ಬೀದಿಯಲ್ಲಿ ಕಾಣುವ ದೃಶ್ಯ ಇದು: ಮೊಲದ ಕಿವಿಯ ಚೀಲ ಅಜ್ಜನ ಹೆಗಲಲ್ಲಿ, ಮಗು ಬರಿಗೈಯಲ್ಲಿ ಮುಂದೆ ಮುಂದೆ. ನೋಡಲು ಚೆಂದ, ಪ್ರೀತಿಯೂ ನಿಜ. ಆದರೆ ಗಾಕುಶೂಇನ್ ಶಾಲೆ 1885ರಲ್ಲಿ ಕೈಬಿಟ್ಟ ಆಳಿನ ಪಾತ್ರವನ್ನು ನಾವು ಅಜ್ಜಂದಿರು ಅಕ್ಕರೆಯಿಂದ ವಹಿಸಿಕೊಂಡಿದ್ದೇವೆ. ಮೂರರಲ್ಲಿ ಸೀಸೆಯನ್ನು ಹೊರದ ಮಗು ಹತ್ತರಲ್ಲಿ ಪುಸ್ತಕ ಹೊಂದಿಸಿಕೊಳ್ಳದು. ಇಪ್ಪತ್ತರಲ್ಲಿ ತನ್ನ ಮರೆವಿಗೆ ಬೇರೊಬ್ಬರನ್ನು ದೂರುವುದನ್ನು ಕಲಿಯುತ್ತದೆ. ಹೊತ್ತಿಲ್ಲವಾದರೆ ಹತ್ತು ನಿಮಿಷ ಹಿಂದಿನ ರಾತ್ರಿಯಿಂದ ತೆಗೆದುಕೊಳ್ಳಬಹುದು.

ಮಗುವಿನ ಬೆನ್ನಿಗೆ ಏನು ಹೊರಿಸಬಾರದು ಎಂಬುದನ್ನು ಸಮಿತಿಗಳೂ ಸರಕಾರಗಳೂ ಹೇಳಿವೆ, ಅದನ್ನು ಪಾಲಿಸೋಣ. ಮಗುವಿನ ಕೈಗೆ ಏನನ್ನು ಒಪ್ಪಿಸಬೇಕು ಎಂಬುದನ್ನು ಹೇಳಬೇಕಾದವರು ಮನೆಯವರು. ಸಂಚಿ ಹೊನ್ನಮ್ಮನಿಗೆ ಅರಮನೆ ಒಂದು ಸಂಚಿಯನ್ನು ನಂಬಿ ಕೊಟ್ಟಿತು. ನಮ್ಮ ಮನೆಯ ಕೂಸಿಗೆ ನಾವು ಒಂದು ಡಬ್ಬಿ, ಒಂದು ಸೀಸೆ ಇರುವ ಹಗುರವಾದ ಚೀಲವನ್ನು ಅಷ್ಟೇ ನಂಬಿಕೆಯಿಂದ ಕೊಡೋಣ. ಕೊಟ್ಟ ಮೇಲೆ, ಎರಡು ಸಲ ಬೀಳಿಸಿದರೂ, ಹಿಂದಕ್ಕೆ ಕಸಿದುಕೊಳ್ಳದಿರೋಣ.